ಧ್ಯಾನಪ್ಪನ ಓಟು

ವಿಮಾನ ನಿಲ್ದಾಣ

ಅಮೆರಿಕಾ ನೋಡಿ ಬಂದವರು ಎತ್ತರದ ಕಟ್ಟಡಗಳಿಂದ ಕಥೆ ಶುರು ಮಾಡುತ್ತಾರೆ. ನನ್ನದು ಸೀನಿನಿಂದ ಶುರುವಾಗುತ್ತದೆ. ಮಿನಿಯಾಪೊಲಿಸ್ ನಿಲ್ದಾಣದ ಕಸ್ಟಮ್ಸ್ ಮೇಜಿನ ಹಿಂದೆ ನಿಂತಿದ್ದ ಅಧಿಕಾರಿ ನನ್ನ ಚೀಲದಿಂದ ಖಾರಪುಡಿಯ ಪೊಟ್ಟಣ ತೆಗೆದ. ಇದೇನೆಂದು ಕೇಳಿದ. ಉತ್ತರ ಬರುವ ಮೊದಲೇ ಮೂಗಿನ ಹತ್ತಿರ ಹಿಡಿದ. ಆಮೇಲೆ ಸೀನಿದ, ಸೀನುತ್ತಲೇ ಕ್ಷಮೆ ಕೇಳಿದ. ಪಕ್ಕದ ಮೇಜಿನವಳೂ ಸೀನಿದಳು, ಅವಳೂ ಕ್ಷಮೆ ಕೇಳಿದಳು. ಹಂಗಾಮಿನಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಬಂದು ನೋಡಿ, ಇಡೀ ಪೇಟೆಯೇ ಸೀನುತ್ತಿರುತ್ತದೆ. ಯಾರೂ ಯಾರ ಕ್ಷಮೆಯನ್ನೂ ಕೇಳುವುದಿಲ್ಲ.

"ಅಕ್ಕ, ಪುಡಿ ಕೈಚೀಲದಾಗ ಇಟಗೋಬ್ಯಾಡ ಅಂತ ಹೇಳಿದ್ದಿಲ್ಲೇನು ನಾ?" ಎಂದ ನನ್ನ ತಮ್ಮ ಬಸು.

"ಇದು ಬಣ್ಣದ ಕಾಯಿ, ಖಾರ ಕಡಿಮಿ ಅಂತ ಹೇಳೋ ಅವಂಗ."

"ನಾ ಹೇಳೇನು. ಅವನ ಮೂಗು ನಂಬಬೇಕಲ್ಲ!"

ನಾನು ಬ್ಯಾಡಗಿಯಲ್ಲಿ ಖಾರಪುಡಿಯ ಗಿರಣಿ ನಡೆಸುವವಳು. ಅಮೆರಿಕಾದ ಸಾಸ್ ಕಂಪನಿಯೊಂದಕ್ಕೆ ನಮ್ಮ ಕಾಯಿಯ ಕೆಂಪು ಹಿಡಿಸಿತ್ತು, ಬಂದು ಮಾತಾಡಿ ಹೋಗಿ ಎಂದು ಕರೆದಿದ್ದರು. ಬಸು ಹಾವೇರಿ ಕೋರ್ಟಿನಲ್ಲಿ ಕರಿಕೋಟು ಹಾಕಿಯೇ ತಲೆ ನರೆಸಿಕೊಂಡ ವಕೀಲ. ಅವನು ಓದದೆ ನಾನು ಯಾವ ಕಾಗದಕ್ಕೂ ಸಹಿ ಮಾಡುವವಳಲ್ಲ, ಹಾಗಾಗಿ ಅವನೂ ಬಂದಿದ್ದ. ನನಗೆ ಇಂಗ್ಲಿಷ್ ಓದಲು ಬರುತ್ತದೆ. ಆದರೆ ಅಲ್ಲಿಯವರು ಮಾತಾಡುವ ವೇಗಕ್ಕೆ ನನ್ನ ಕಿವಿ ಸಾಲದು. ಅವರು ಆಡಿದ್ದನ್ನೆಲ್ಲ ಬಸು ನನಗೆ ನಮ್ಮ ಮಾತಿನಲ್ಲೇ ಒಪ್ಪಿಸುತ್ತಿದ್ದ. ಆದ್ದರಿಂದ ಈ ಕಥನದಲ್ಲಿ ಅಮೆರಿಕಾದವರು ಹಾವೇರಿ ಕನ್ನಡ ಮಾತಾಡಿದರೆ ಓದುಗರು ಗಾಬರಿಯಾಗಬಾರದು. ನನ್ನ ನೆನಪಿನಲ್ಲಿ ಅವರು ಹಾಗೆಯೇ ಮಾತಾಡುತ್ತಾರೆ.

ಕೆಂಪು ದೀಪ

ಕಂಪನಿಯವರು ನಮಗಾಗಿ ಒಂದು ವ್ಯಾನು ಮತ್ತು ಒಬ್ಬ ಚಾಲಕನನ್ನು ಕೊಟ್ಟಿದ್ದರು. ಚಾಲಕನ ಹೆಸರು ಡ್ವೇನ್. ನಲವತ್ತು ದಾಟಿದ, ಅಗಲ ಭುಜದ, ಮೆಲುಮಾತಿನ ಮನುಷ್ಯ. ಆ ಹೆಸರು ಬಸುವಿನ ನಾಲಿಗೆಗೆ ಕೂಡಿಬರಲಿಲ್ಲ, ಎರಡನೆಯ ದಿನಕ್ಕೆ ಅವನು ಧ್ಯಾನಪ್ಪನಾದ. ಅರ್ಥ ಕೇಳಿ ತಿಳಿದುಕೊಂಡ ಮೇಲೆ ಅವನಿಗೂ ಖುಷಿಯಾಯಿತು. ಧ್ಯಾನ ಮಾಡುವವನು ಎಂದು ತನ್ನನ್ನು ಈವರೆಗೆ ಯಾರೂ ಕರೆದಿರಲಿಲ್ಲ ಎಂದ.

ಧ್ಯಾನಪ್ಪ ಗಾಡಿ ಓಡಿಸುವುದನ್ನು ನೋಡಿದರೆ ರಾಣೆಬೆನ್ನೂರಿನ ಆಟೋದವರು ಎದೆ ಒಡೆದುಕೊಂಡಾರು. ಒಂದು ನಾಯಿಯೂ ಇಲ್ಲದ ರಸ್ತೆಯಲ್ಲಿ ಕೆಂಪು ದೀಪ ಕಂಡರೆ ಸಾಕು, ಗಾಡಿ ನಿಲ್ಲಿಸಿ ಕೈಕಟ್ಟಿ ಕೂಡುತ್ತಿದ್ದ. ಹಸಿರು ಬಂದ ಮೇಲೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿಯೇ ಹೊರಡುತ್ತಿದ್ದ. ಅಲ್ಲಿಯವರೆಲ್ಲ ಹೀಗೇ ಇರಬೇಕು ಎಂದುಕೊಂಡೆ. ಆಮೇಲೆ ನೋಡಿದರೆ ಉಳಿದವರು ಹಿಂದಿನಿಂದ ಹಾರ್ನ್ ಹೊಡೆಯುತ್ತಿದ್ದರು.

ಒಂದು ಬೆಳಿಗ್ಗೆ ತಿಂಡಿಯ ಹೋಟೆಲಿನಲ್ಲಿ ನಮ್ಮ ದೋಸೆಯನ್ನು ದಪ್ಪ ಮಾಡಿ ಅದರ ಮೇಲೆ ಬೆಲ್ಲದ ಪಾಕ ಸುರಿದಂಥದ್ದೇನನ್ನೋ ತಿನ್ನುತ್ತಿದ್ದೆವು. ಯಾಕಷ್ಟು ನಿಧಾನ ಓಡಿಸ್ತೀರಿ ಎಂದು ಬಸು ಕೇಳಿದ. ಧ್ಯಾನಪ್ಪ ಸುತ್ತ ನೋಡಿ, ದನಿ ತಗ್ಗಿಸಿ ಏನೋ ಹೇಳಿದ. ಅದರಲ್ಲಿ ನನಗೆ ಒಂದು ಶಬ್ದ ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಪೆರೋಲ್.

ಪೆರೋಲ್ ಅಂದರೆ ನಮಗೆ ಗೊತ್ತಿಲ್ಲವೇ? ಪೇಪರಿನಲ್ಲಿ ಓದುತ್ತೇವಲ್ಲ. ಜೈಲಿನಲ್ಲಿ ಶಿಕ್ಷೆ ಅನುಭವಿಸುತ್ತಿರುವವನನ್ನು ಮಗಳ ಮದುವೆಗೋ ತಾಯಿಯ ಮಣ್ಣಿಗೋ ನಾಲ್ಕು ದಿನ ಹೊರಗೆ ಬಿಡುತ್ತಾರೆ, ಕಾರ್ಯ ಮುಗಿದ ಕೂಡಲೇ ಅವನು ವಾಪಸ್ ಒಳಗೆ ಹೋಗಬೇಕು. ಇಂಥ ಒಳ್ಳೆಯ ಮನುಷ್ಯ ನಾಲ್ಕು ದಿನದ ರಜೆಯಲ್ಲೂ ನಮ್ಮ ಚೀಲ ಹೊರುತ್ತಿದ್ದಾನಲ್ಲ! ಮರುದಿನ ಚೀಲದಲ್ಲಿ ಉಳಿದಿದ್ದ ಶೇಂಗಾ ಹೋಳಿಗೆಯನ್ನೆಲ್ಲ ಕಟ್ಟಿ ಅವನ ಕೈಗಿಟ್ಟೆ.

"ಬಸು, ಅವಂಗ ಹೇಳು. ಇವು ಬಾಳ ದಿನ ತಡೀತಾವ, ಒಳಗ ಹೋಗೂ ಮುಂದ ಒಯ್ಯಲಿ. ಮತ್ತ ಮನ್ಯಾಗ ಏನ್ ಕಾರ್ಯ ಐತಿ ಕೇಳು. ಮದುವಿಯೋ, ದಿನಕರ್ಮೋ?"

ಬಸು ಕೇಳಿದ. ಧ್ಯಾನಪ್ಪ ಹೋಳಿಗೆ ಹಿಡಿದುಕೊಂಡು ನನ್ನನ್ನೇ ನೋಡುತ್ತ ನಿಂತ. ಇಬ್ಬರಿಗೂ ವಿಷಯ ಬಗೆಹರಿಯಲು ಸ್ವಲ್ಪ ಹೊತ್ತು ಹಿಡಿಯಿತು. ಬಗೆಹರಿದ ಮೇಲೆ ಅವನು ವ್ಯಾನಿಗೆ ಒರಗಿ ಕಣ್ಣಲ್ಲಿ ನೀರು ಬರುವಂತೆ ನಕ್ಕ.

"ಇಲ್ಲ ಅಕ್ಕಾರ, ನಾ ವಾಪಸ್ ಹೋಗಾಂಗಿಲ್ಲ. ನಮ್ಮಲ್ಲೆ ಪೆರೋಲ್ ಅಂದ್ರ ಜೈಲಿಂದ ಹೊರಗ ಬಂದು ಮನ್ಯಾಗ ಇರೂದು. ಕಾಗದದಾಗ ಈಗ ಬ್ಯಾರೆ ಹೆಸರು ಇಟ್ಟಾರ, ಮಂದಿ ಎಲ್ಲಾ ಪೆರೋಲ್ ಅಂತನಽ ಅಂತಾರ. ನನ್ನ ಮ್ಯಾಲೆ ಒಬ್ಬ ಸಾಹೇಬ ಕಣ್ಣಿಟ್ಟಿರ್ತಾನ. ಇನ್ನೂ ಎರಡು ವರ್ಷ ಐತಿ. ನಡುವ ಏನರ ತಪ್ಪು ಮಾಡಿದ್ರ ಮಾತ್ರ ಒಳಗ."

ಹರೆಯದಲ್ಲಿ ಗೆಳೆಯರ ಜತೆ ಕೂಡಿ ಗೋದಾಮೊಂದರ ಬೀಗ ಒಡೆದಿದ್ದನಂತೆ. ಒಂದಲ್ಲ, ಎರಡು ಸಲ, ಎರಡನೆಯದಕ್ಕೆ ಶಿಕ್ಷೆ ಉದ್ದವಾಯಿತು. ಅಂಥ ದೊಡ್ಡ ಗುನ್ನೆಗೆ ಅಲ್ಲಿ ಫೆಲನಿ ಎನ್ನುತ್ತಾರೆ. ಅದನ್ನು ಮುಚ್ಚಿಡದೆ ಹೇಳಿದ, ಸಮಜಾಯಿಷಿ ಕೊಡಲು ಹೋಗಲಿಲ್ಲ. ಕೆಂಪು ದೀಪಕ್ಕೆ ಅವನು ಅಷ್ಟು ಹೆದರುವುದು ಯಾಕೆಂದು ಆಗ ನನಗೆ ತಿಳಿಯಿತು. ಆದರೂ ಪೆರೋಲ್ ಎಂಬ ಶಬ್ದ ನನ್ನ ತಲೆಯೊಳಗೆ ಮುಳ್ಳಿನಂತೆ ನೆಟ್ಟುಕೊಂಡಿತು. ತಪ್ಪು ತಿಳಿದು ನಗೆಪಾಟಲಾದ ಶಬ್ದವನ್ನು ಮನುಷ್ಯ ಸುಲಭಕ್ಕೆ ಮರೆಯುವುದಿಲ್ಲ.

ಸೇತುವೆ

ಕಂಪನಿಯ ಅಡುಗೆಮನೆ ಮಿನ್ನೆಸೋಟ ರಾಜ್ಯದಲ್ಲಿ, ಗೋದಾಮು ವಿಸ್ಕಾನ್ಸಿನ್ ರಾಜ್ಯದಲ್ಲಿ. ನಡುವೆ ಒಂದು ನದಿ. ಧ್ಯಾನಪ್ಪನ ಮನೆಯೂ ವಿಸ್ಕಾನ್ಸಿನ್ ದಂಡೆಯಲ್ಲಿತ್ತು. ಕೆಲಸಕ್ಕೆಂದು ದಿನಾ ಸೇತುವೆ ದಾಟಲೂ ಅವನು ತನ್ನ ಸಾಹೇಬನ ಅಪ್ಪಣೆ ಪಡೆದಿದ್ದ. ನನ್ನ ತವರು ಐರಣಿ, ತುಂಗಭದ್ರೆಯ ದಂಡೆಯ ಊರು. ಹೊಳೆಯಾಚೆ ಬೇರೆ ಜಿಲ್ಲೆ. ಆಚೆ ಹೋದರೆ ಬಸ್ಸಿನ ಬೋರ್ಡು ಬದಲಾದೀತು, ಹೆಣ್ಣು ಕೊಟ್ಟು ತಂದ ನೆಂಟಸ್ತನ ಬದಲಾಗುವುದಿಲ್ಲ. ನದಿ ದಾಟಿದರೆ ಮನುಷ್ಯನ ಹಕ್ಕೇ ಬದಲಾಗಬಹುದು ಎಂದು ನನಗೆ ಕನಸಿನಲ್ಲೂ ಹೊಳೆದಿರಲಿಲ್ಲ.

ಗೋದಾಮು ನೋಡಲು ಹೊರಟ ದಿನ ಅಲ್ಲಿ ಚುನಾವಣೆ. ಚುನಾವಣೆಗೆ ಅವರು ರಜೆ ಕೊಡುವುದಿಲ್ಲ. ಮಂಗಳವಾರದ ದಿನ, ಕೆಲಸದ ನಡುವೆ ಓಡಿಹೋಗಿ ಓಟು ಹಾಕಿ ಬರಬೇಕು. ಧ್ಯಾನಪ್ಪ ಅಂದು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ವ್ಯಾನು ಹತ್ತುವ ಮೊದಲೇ ಸಂಕೋಚದಿಂದ ಕೇಳಿದ.

"ದಾರ್ಯಾಗ ಸ್ವಲ್ಪ ನಿಂದ್ರಬೌದೇನ್ರಿ? ನನ್ನ ಮಗಳಿಗೆ ಹದಿನೆಂಟು ತುಂಬೇತಿ, ಮೊದಲನೇ ಓಟು. ನಂದೂ ಮೊದಲನೇದ. ಇಬ್ಬರೂ ಕೂಡಿ ಹಾಕೂಣು ಅಂತ ಮಾಡೇವಿ."

ಹದಿನೆಂಟರಲ್ಲಿ ಅವನಿಗೆ ಓಟಿನ ಗೊಡವೆ ಇರಲಿಲ್ಲ. ಗೊಡವೆ ಬರುವ ಹೊತ್ತಿಗೆ ಜೈಲಿನಲ್ಲಿದ್ದ. ಈಗ ರೇಡಿಯೋದಲ್ಲಿ ಹೊಸ ಕಾನೂನಿನ ಸುದ್ದಿ ಕೇಳಿದ್ದನಂತೆ. ಜೈಲಿನಿಂದ ಹೊರಗೆ ಬಂದವರೆಲ್ಲ ಇನ್ನು ಓಟು ಹಾಕಬಹುದು ಎಂದು.

"ಹಾಕಬೌದೇನು, ಹಾಕಲೇಬೇಕು!" ಎಂದ ಬಸು. "ಇದು ಕಾಯ್ದೆದ ಮೂಲತತ್ವ ನೋಡ್ರಿ. ಹೊರಗ ಬಂದ ಮ್ಯಾಲೆ ಮನಷ್ಯಾ ಮತದಾರ. ನಮ್ಮ ದೇಶದಾಗ ಕಾಶ್ಮೀರದಿಂದ ಹಿಡಿದು ಕನ್ಯಾಕುಮಾರಿತನ ಇದನ್ನ ಯಾರೂ ಪ್ರಶ್ನೆ ಮಾಡಾಂಗಿಲ್ಲ."

ಕೋರ್ಟಿನಲ್ಲಿ ಗೆದ್ದವನ ದನಿ ಅದು. ಧ್ಯಾನಪ್ಪನ ಮುಖ ಅರಳಿತು. ನಾನೂ ತಲೆಯಾಡಿಸಿದೆ. ಒಂದು ದೇಶಕ್ಕೆ ಒಂದು ಕಾನೂನು, ಇದರಲ್ಲಿ ಅನುಮಾನಕ್ಕೆ ಜಾಗವೆಲ್ಲಿ? ಆ ರೇಡಿಯೋ ಮಿನ್ನೆಸೋಟದ್ದು, ಧ್ಯಾನಪ್ಪನ ಮನೆ ನದಿಯಾಚೆ ವಿಸ್ಕಾನ್ಸಿನ್‌ನದು ಎಂಬುದು ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮನೆಯ ಮುಂದೆ ಮಗಳು ಕಾಯುತ್ತಿದ್ದಳು. ಕೇಲಾ ಎಂದು ಹೆಸರು. ಉದ್ದನೆಯ ಹುಡುಗಿ, ಅಪ್ಪನದೇ ಹಣೆ. ಬಂದು ಕೂತವಳೇ ಅಪ್ಪನ ಅಂಗಿಯ ಕಾಲರು ಸರಿಮಾಡಿದಳು. ದಾರಿಯುದ್ದಕ್ಕೂ ಯಾರಿಗೆ ಹಾಕುತ್ತೀ ಎಂದು ಇಬ್ಬರೂ ಒಬ್ಬರನ್ನೊಬ್ಬರು ಕೆಣಕುತ್ತಿದ್ದರು, ಇಬ್ಬರೂ ಬಾಯಿ ಬಿಡಲಿಲ್ಲ.

ಬೆಂಕಿ ಆರಿಸುವವರ ಠಾಣೆ

ನಮ್ಮಲ್ಲಿ ಮತಗಟ್ಟೆಯೆಂದರೆ ಸರಕಾರಿ ಶಾಲೆ. ಅವರದು ಅಗ್ನಿಶಾಮಕ ಠಾಣೆ. ಕೆಂಪು ಗಾಡಿಗಳನ್ನು ಹೊರಗೆ ನಿಲ್ಲಿಸಿ ಒಳಗೆ ಮೇಜು ಹಾಕಿದ್ದರು. ಪೊಲೀಸರಿಲ್ಲ, ಗಿಡದ ಕೆಳಗೆ ಪಾರ್ಟಿಯವರ ಟೇಬಲ್ಲಿಲ್ಲ, ಆಟೋ ಕಳಿಸೇವಿ ಬರ್ರೀ ಯವ್ವಾ ಎನ್ನುವವರಿಲ್ಲ. ಸ್ವೆಟರ್ ಹಾಕಿದ ನಾಲ್ಕಾರು ಅಜ್ಜಿಯರು ಕೂತು ಬಂದವರಿಗೆಲ್ಲ ಬಿಸ್ಕತ್ತು ಕೊಡುತ್ತಿದ್ದರು. ಬೆರಳಿಗೆ ಶಾಯಿ ಹಚ್ಚುವುದಿಲ್ಲ, ಓಟು ಹಾಕಿದ್ದೇನೆ ಎಂದು ಬರೆದ ಒಂದು ಸ್ಟಿಕರ್ ಕೊಡುತ್ತಾರೆ. ಅದನ್ನು ಕಿತ್ತುಹಾಕಿ ಮತ್ತೆ ಬಂದರೆ ಏನು ಮಾಡುತ್ತೀರಿ ಎಂದು ಬಸು ಒಬ್ಬ ಅಜ್ಜಿಯನ್ನು ಕೇಳಿದ. ಯಾರಾದರೂ ಹಾಗೆ ಯಾಕೆ ಮಾಡುತ್ತಾರೆ ಎಂದು ಅಜ್ಜಿ ಅವನನ್ನೇ ಕೇಳಿದರು. ನಮ್ಮ ವಕೀಲ ಒಂದು ಬಿಸ್ಕತ್ತು ತೆಗೆದುಕೊಂಡ.

ಹೊರಗಿನವರು ನಿಂತು ನೋಡಲೆಂದೇ ಒಂದು ಜಾಗ ಮಾಡಿದ್ದರು. ನಮ್ಮನ್ನು ಅಲ್ಲಿ ನಿಲ್ಲಿಸಿದರು. ಮತದಾರರ ಪಟ್ಟಿಗೆ ಹೆಸರು ಹಚ್ಚಿಸುವುದೂ ಅಲ್ಲೇ, ಅದೇ ದಿನವೇ. ಧ್ಯಾನಪ್ಪ ಮೇಜಿನ ಮುಂದೆ ಕೂತು, ಮೂಗಿನ ಮೇಲೆ ಕನ್ನಡಕ ಏರಿಸಿ, ಅರ್ಜಿ ತುಂಬತೊಡಗಿದ. ಕೇಲಾ ಹಿಂದೆ ನಿಂತು ಅವನ ಹೆಗಲ ಮೇಲೆ ಕೈ ಇಟ್ಟಿದ್ದಳು. ಶಾಲೆಗೆ ಹೆಸರು ಹಚ್ಚಲು ಬಂದ ಮಗು ಮತ್ತು ತಾಯಿಯ ಹಾಗೆ ಕಾಣುತ್ತಿದ್ದರು, ಮಗು ಯಾರು ತಾಯಿ ಯಾರು ಎಂಬುದಷ್ಟೇ ತಿರುವುಮುರುವು.

ನಾನು ಸುಮ್ಮನೆ ನಿಲ್ಲುವವಳಲ್ಲ. ಗೋಡೆಯ ಮೇಲೆ ಏನು ಅಂಟಿಸಿದ್ದರೂ ಓದುತ್ತೇನೆ. ಯಾರು ಓಟು ಹಾಕಬಹುದು, ಯಾರು ಹಾಕಬಾರದು ಎಂಬ ನೋಟೀಸು ಅಲ್ಲಿತ್ತು. ಸಣ್ಣ ಅಕ್ಷರ, ಉದ್ದ ವಾಕ್ಯ. ಬೆರಳಿಟ್ಟು ಓದುತ್ತ ಹೋದೆ. ಹಾಕಬಾರದವರ ಸಾಲಿನ ನಡುವೆ ಆ ಮುಳ್ಳಿನ ಶಬ್ದ ಕೂತಿತ್ತು. ಪೆರೋಲ್. ಪಕ್ಕದಲ್ಲಿಯೇ ಫೆಲನಿ ಎಂದೂ ಇತ್ತು.

ಉಳಿದ ಶಬ್ದಗಳ ಅರ್ಥ ಹಚ್ಚುತ್ತ ನಾನು ಕೂಡಲಿಲ್ಲ. ಧ್ಯಾನಪ್ಪ ಅರ್ಜಿಯ ಕೊನೆಗೆ ಬಂದಿದ್ದ, ಪೆನ್ನು ಸಹಿಯ ಜಾಗದ ಮೇಲಿತ್ತು.

"ಏ ಬಸೂ! ನಿಂದ್ರಸೋ ಅವನ್ನ! ಸಹಿ ಮಾಡಿಸಬ್ಯಾಡ!"

ಬ್ಯಾಡಗಿ ಮಾರುಕಟ್ಟೆಯಲ್ಲಿ ಹಮಾಲರನ್ನು ಕರೆದು ರೂಢಿಯಾದ ಗಂಟಲು. ಇಡೀ ಠಾಣೆ ತಿರುಗಿ ನೋಡಿತು, ಒಬ್ಬ ಅಜ್ಜಿಯ ಕೈಯಿಂದ ಬಿಸ್ಕತ್ತು ಜಾರಿತು. ಬಸು ನೋಟೀಸಿನ ಮೇಲೊಮ್ಮೆ ಕಣ್ಣು ಹಾಯಿಸಿದ. ಅವನ ಮುಖದ ಬಣ್ಣ ಇಳಿಯಿತು. ಆದರೆ ಕಾಲು ನಿಲ್ಲಲಿಲ್ಲ, ಎರಡೇ ನೆಗೆತಕ್ಕೆ ಹೋಗಿ ಧ್ಯಾನಪ್ಪನ ಪೆನ್ನು ಹಿಡಿದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಮತಗಟ್ಟೆಯ ಮುಖ್ಯಸ್ಥೆ ಬಂದರು. ಅವರೂ ಅಜ್ಜಿಯೇ, ಬೆಳ್ಳಿ ಕೂದಲು, ಮಮತೆಯ ದನಿ. ನಿಮ್ಮ ಶಿಕ್ಷೆಯ ಅವಧಿ ಪೂರ್ತಿ ಮುಗಿದಿದೆಯೇ ಎಂದು ಮೆಲ್ಲಗೆ ಕೇಳಿದರು. ಧ್ಯಾನಪ್ಪ ಪೆನ್ನು ಕೆಳಗಿಟ್ಟ. ನಿಮ್ಮ ಸಾಹೇಬರಿಗೇ ಫೋನು ಮಾಡಿ ಕೇಳಿಬಿಡಿ ಎಂದರು ಅಜ್ಜಿ. ಅವನು ಹೊರಗೆ ಹೋಗಿ ಮಾತಾಡಿ ಬಂದ. ಸಾಹೇಬ ಹೇಳಿದ್ದು ಇಷ್ಟು. ನದಿಯಾಚೆಯ ಮಿನ್ನೆಸೋಟದಲ್ಲಿ ಜೈಲಿನ ಬಾಗಿಲು ದಾಟಿದರೆ ಸಾಕು, ಮನುಷ್ಯ ಮತದಾರ. ಈಚೆ ವಿಸ್ಕಾನ್ಸಿನ್‌ನಲ್ಲಿ ಮಾತ್ರ ಕಣ್ಗಾವಲಿನ ಕೊನೆಯ ದಿನವೂ ಮುಗಿಯಬೇಕು. ಸಹಿ ಮಾಡಿ ಓಟು ಹಾಕಿದ್ದರೆ ಅದೇ ಇನ್ನೊಂದು ಫೆಲನಿ ಆಗುತ್ತಿತ್ತು. ಮತ್ತೆ ಜೈಲು.

ಧ್ಯಾನಪ್ಪ ಅರ್ಜಿಯನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿದ. ಮಗಳ ಬೆನ್ನು ತಟ್ಟಿ, "ನೀ ಹೋಗಿ ಹಾಕಿ ಬಾ. ನಾ ಹೊರಗ ಇರ್ತೇನಿ" ಎಂದ. ಕೇಲಾ ಅಪ್ಪನ ಕಾಲರನ್ನು ಮತ್ತೊಮ್ಮೆ ಸರಿಮಾಡಿದಳು. ಸಾಲಿನಲ್ಲಿ ಹೋಗಿ ನಿಂತಳು.

ವ್ಯಾನಿನ ಬಳಿ

ಹೊರಗೆ ಕೊರೆಯುವ ಚಳಿ. ಧ್ಯಾನಪ್ಪ ನಮ್ಮಿಂದ ಸ್ವಲ್ಪ ದೂರ, ಬೆಂಕಿ ಗಾಡಿಯ ಮಗ್ಗುಲಲ್ಲಿ ಬೆನ್ನು ತಿರುಗಿಸಿ ನಿಂತಿದ್ದ. ಇಸ್ತ್ರಿ ಅಂಗಿಯ ಮೇಲೆ ಜಾಕೀಟಿನ ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿಕೊಂಡಿದ್ದ. ನನಗೆ ಸಿಟ್ಟು ನೆತ್ತಿಗೇರಿತ್ತು.

"ಇದ್ಯಾವ ಸೀಮಿ ನ್ಯಾಯಾನೋ ಬಸು? ಅದಽ ಮನಷ್ಯಾ, ಅದಽ ತಪ್ಪು. ಹೊಳಿ ಆಕಡೆ ಮತದಾರ, ಈಕಡೆ ಕಳ್ಳ?"

ಬಸು ಮೊಬೈಲಿನಲ್ಲಿ ತಲೆ ಹುದುಗಿಸಿದ್ದ. ಮುಂಜಾನೆ ಮಾಡಬೇಕಿದ್ದ ಓದನ್ನು ಈಗ ಮಾಡುತ್ತಿದ್ದ.

"ಎರಡ ಅಲ್ಲಕ್ಕ, ರಾಜ್ಯಕ್ಕೊಂದು ನಮೂನಿ ಐತಿ. ಮೇನ್, ವರ್ಮಾಂಟ್ ಅಂತ ಎರಡು ರಾಜ್ಯ ಅದಾವ, ಅಲ್ಲೆ ಜೈಲಿನ್ಯಾಗ ಕುಂತು ಓಟ್ ಹಾಕಬೌದು. ಇನ್ನೊಂದರಾಗ ಕೋರ್ಟಿನ ದಂಡ ಪೂರಾ ಕಟ್ಟೂಮಟಾ ಇಲ್ಲ. ವರ್ಜೀನಿಯಾ ಅಂತ ಐತಿ, ಅಲ್ಲೆ ಶಿಕ್ಷಾ ಮುಗಿದ್ರೂ ಗವರ್ನರ್‌ಗೆ ಅರ್ಜಿ ಹಾಕಿ, ಅವರು ಹೂಂ ಅನ್ನೂಮಟಾ ಕಾಯಬೇಕು."

"ಒಂದು ದೇಶ ಅಂತಾರ ಮತ್ತ ಇದಕ್ಕ!"

"ನಮ್ಮದೇನು ಬಾಳ ಚಂದ ಐತಿ ಅಂತ ತಿಳಕೋಬ್ಯಾಡ. ನಮ್ಮಲ್ಲೆ ಕಾನೂನು ಒಂದಽ, ಖರೇ. ಆದ್ರ ತೀರ್ಪು ಆಗದವ ಸೈತ ಒಳಗ ಇದ್ರ ಓಟಿಲ್ಲ. ನನ್ನ ಕಕ್ಷಿದಾರ ಒಬ್ಬ ಜಾಮೀನು ಸಿಗದ ಒಳಗಽ ಉಳಿದಿದ್ದ. ಆಮ್ಯಾಲೆ ನಿರ್ದೋಷಿ ಅಂತ ಬಿಟ್ರು. ನಡುವ ಒಂದು ಚುನಾವಣಿ ಬಂದು ಹೋಗಿತ್ತು. ಆ ಓಟು ಅವಂಗ ಯಾರು ವಾಪಸ್ ಕೊಡ್ತಾರ?"

ಇದನ್ನು ಅವನು ನನಗೆ ಮೊದಲು ಹೇಳಿರಲಿಲ್ಲ. ನಾನು ಪ್ರತಿ ಚುನಾವಣೆಯಲ್ಲೂ ರೇಷ್ಮೆ ಸೀರೆ ಉಟ್ಟು ಹೋಗಿ ಓಟು ಹಾಕಿ ಬರುವವಳು. ಬೆರಳ ಮೇಲೆ ಶಾಯಿ ಬೀಳದೆ ಉಳಿದವರು ಯಾರಿರಬಹುದು ಎಂದು ನಮ್ಮ ಹಾವೇರಿಯಲ್ಲೇ ಕೇಳಿದವಳಲ್ಲ. ಇಷ್ಟು ದೂರ ಬಂದು, ಪರದೇಶದವನ ಬೆನ್ನು ನೋಡುತ್ತ ಕೇಳಬೇಕಾಯಿತು.

ಬಸು ಧ್ಯಾನಪ್ಪನ ಹತ್ತಿರ ಹೋಗಿ ತನ್ನ ಮಾತು ತಪ್ಪಾಯಿತೆಂದು ಹೇಳಿದ. ನೀವು ಕೈ ಹಿಡಿಯದಿದ್ದರೆ ನಾನು ಇವತ್ತು ಹೊಸ ತಪ್ಪು ಮಾಡುತ್ತಿದ್ದೆ ಎಂದ ಅವನು. ಆಮೇಲೆ ನನ್ನ ಕಡೆ ತಿರುಗಿ, ಸುಮ್ಮನೆ ಎದೆಯ ಮೇಲೆ ಕೈ ಇಟ್ಟುಕೊಂಡ. ಅದಕ್ಕೆ ಅನುವಾದ ಬೇಕಿರಲಿಲ್ಲ.

ಕೇಲಾ ಹೊರಬಂದಳು. ಅವಳ ಅಂಗಿಯ ಮೇಲೊಂದು ಸ್ಟಿಕರ್, ಬೆರಳ ತುದಿಯಲ್ಲಿ ಇನ್ನೊಂದು. ಅಜ್ಜಿಯರನ್ನು ಕೇಳಿ ಅಪ್ಪನಿಗೂ ಒಂದು ತಂದಿದ್ದಳು. ಅವನ ಜಾಕೀಟಿಗೆ ಅಂಟಿಸಲು ಕೈ ಚಾಚಿದಳು. ಧ್ಯಾನಪ್ಪ ತಟ್ಟನೆ ಹಿಂದೆ ಸರಿದು ಎರಡೂ ಅಂಗೈ ಮೇಲೆತ್ತಿದ, ಪೊಲೀಸರ ಮುಂದೆ ಎತ್ತುವ ಹಾಗೆ.

"ನನ್ನ ಮೈಮ್ಯಾಲೆ ಬ್ಯಾಡವ್ವಾ. ಯಾರರ ನೋಡಿದ್ರ ನಾನೂ ಹಾಕೇನಿ ಅಂತ ತಿಳಕೋತಾರ."

ಅಷ್ಟು ದೊಡ್ಡ ಆಳು ಕಾಗದದ ಒಂದು ಚೂರಿಗೆ ಹೆದರಿದ್ದನ್ನು ನೋಡಿ ನನಗೆ ದುಃಖ ಉಕ್ಕಿ ಬಂತು. ಕೇಲಾ ಸ್ಟಿಕರನ್ನು ಮಡಚಿ ಜೇಬಿಗೆ ಹಾಕಿಕೊಂಡಳು. ಆಮೇಲೆ ಅವಳು ಅಪ್ಪನ ತೋಳು ಹಿಡಿದು ಹೇಳಿದಳು.

"ಅಪ್ಪಾ, ಒಂದು ಹುದ್ದೇಕ್ಕ ಒಬ್ಬಾಕೀನಽ ನಿಂತಿದ್ಲು. ಅದರ ಕೆಳಗ ಖಾಲಿ ಗೆರಿ ಇತ್ತು. ನಮಗ ಬೇಕಾದವರ ಹೆಸರು ಅಲ್ಲೆ ಬರೀಬೌದು. ನಾ ನಿನ್ನ ಹೆಸರು ಬರದು ಬಂದೇನಿ."

"ಯಾವ ಹುದ್ದೇಕ್ಕ?"

"ಜಿಲ್ಲಾ ಖಜಾಂಚಿ."

"ಕಳ್ಳನ ಕೈಯಾಗ ಕೀಲಿ ಕೊಡಾಕ ಹೊಂಟಿದ್ದೀ?" ಎಂದ ಧ್ಯಾನಪ್ಪ. ಬಸುವಿಗೆ ಜೀವ ಬಂದಂತಾಯಿತು. "ಅರೇ, ಇದು ನಮ್ಮಲ್ಲೂ ಐತಿ! ವಿಚಾರಣಾ ಕೈದಿ ಓಟ್ ಹಾಕಾಂಗಿಲ್ಲ, ಆದ್ರ ಚುನಾವಣಿಗೆ ನಿಂತು ಗೆಲ್ಲಬೌದು!" ಎಂದು ಕುಣಿದಾಡಿದ. ಇಂಥ ಓಟು ಲೆಕ್ಕಕ್ಕೆ ಬರುತ್ತದೆಯೇ ಎಂದು ನಾನು ಬಸುವಿನಿಂದ ಕೇಳಿಸಿದೆ. ಬರುವುದಿಲ್ಲ ಎಂದಳು ಕೇಲಾ. ನಿಲ್ಲುವವರು ಮೊದಲೇ ಹೆಸರು ಕೊಟ್ಟಿರಬೇಕು, ಇದನ್ನು ಬದಿಗೆ ಇಡುತ್ತಾರೆ.

"ಅಂದ್ರ ನಾ ಸೋತೆ" ಎಂದ ಧ್ಯಾನಪ್ಪ.

"ಹೌದಪ್ಪಾ, ಸೋತಿ."

ಅವನು ಬೆನ್ನು ನೆಟ್ಟಗೆ ಮಾಡಿಕೊಂಡ. ಜಾಕೀಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಒಳಗಿನ ಇಸ್ತ್ರಿ ಅಂಗಿ ಕಾಣುವಂತೆ, ಆ ಚಳಿಯಲ್ಲಿ, ಎದೆ ಉಬ್ಬಿಸಿ ನಿಂತ. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ನಮ್ಮ ಮನಿತನದಾಗ ಜೈಲಿಗೆ ಹೋಗಿ ಬಂದವರು ಬಾಳ ಮಂದಿ ಅದಾರಕ್ಕಾರ. ಚುನಾವಣ್ಯಾಗ ಸೋತಾವ ನಾನಽ ಮೊದಲ್ನೇದಾವ."